ಲೇಸರ್ ಕೇಳುವ ಮುಂಚೆ ಕಲೆಯ ಹೆಸರು ಕೇಳಿ

(ಕಲಬುರಗಿಯಲ್ಲಿ ಮಹಿಳೆಯರಿಗಾಗಿ ನಡೆದ ಆರೋಗ್ಯ ಕಾರ್ಯಕ್ರಮವೊಂದರಲ್ಲಿ ಚರ್ಮರೋಗ ವೈದ್ಯರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಮುಖದ ಮೇಲೆ ಕಲೆ ಆಗಿದೆ ಅಂತ ಬರುವವರಲ್ಲಿ ಬಹಳ ಜನ ಇದು ಯಾವ ಕಾಯಿಲೆ ಅಂತ ಕೇಳುವುದೇ ಇಲ್ಲ. ಕುರ್ಚಿಯಲ್ಲಿ ಕೂರುವ ಮುಂಚೆಯೇ, "ಡಾಕ್ಟರ್ರೀ, ಲೇಸರಿಗೆ ಎಷ್ಟ್ ಆಗ್ತದರಿ?" ಅಂತಾರೆ. ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡೇ ಬಂದಿರುತ್ತಾರೆ. ಆರು ಸಿಟ್ಟಿಂಗಿನ ಪ್ಯಾಕೇಜು, ಎರಡು ಉಚಿತ, ಹಬ್ಬದ ಆಫರ್. ನಾನು, "ಯಾವ ಕಲೆಗಮ್ಮಾ?" ಅಂದರೆ, "ಕರಿ ಕಲೆಗೇರಿ" ಅನ್ನುತ್ತಾರೆ.

ಮುಖ ಕಪ್ಪಾಗಲು ಒಂದೇ ಕಾರಣ ಇಲ್ಲ. ಹತ್ತು ಹದಿನೈದು ಕಾಯಿಲೆಗಳು ಮೇಲುನೋಟಕ್ಕೆ ಒಂದೇ ಥರ ಕಾಣುತ್ತವೆ. ಕೆಲವಕ್ಕೆ ಲೇಸರಿನಷ್ಟು ಒಳ್ಳೆಯ ಚಿಕಿತ್ಸೆ ಇನ್ನೊಂದಿಲ್ಲ. ಕೆಲವಕ್ಕೆ ಅದರಿಂದ ಏನೂ ಉಪಯೋಗ ಆಗುವುದಿಲ್ಲ, ದುಡ್ಡು ಹೋಗುತ್ತದೆ ಅಷ್ಟೇ. ಇನ್ನು ಕೆಲವಕ್ಕೆ ಲೇಸರ್ ಮಾಡಿಸಿದರೆ ಇದ್ದ ಕಲೆ ಇನ್ನೂ ಗಾಢವಾಗುತ್ತದೆ. ಯಾವುದು ಯಾವ ಗುಂಪಿಗೆ ಸೇರುತ್ತದೆ ಅನ್ನುವುದೇ ಇವತ್ತಿನ ವಿಷಯ.

ಮೊದಲು ಬಣ್ಣದ ಮಾತು. ನಮ್ಮ ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದನ್ನು ತಯಾರಿಸುವ ಜೀವಕೋಶಗಳ ಹೆಸರು ಮೆಲನೊಸೈಟ್. ಕೆಂಪಗಿನ ಬಿಳಿಯರಿಗೂ ನಮಗೂ ಈ ಜೀವಕೋಶಗಳ ಸಂಖ್ಯೆ ಹೆಚ್ಚು ಕಡಿಮೆ ಒಂದೇ. ಅವು ಮಾಡುವ ಬಣ್ಣದ ಕಣಗಳು ನಮ್ಮಲ್ಲಿ ದೊಡ್ಡವು, ಹೆಚ್ಚು, ಚರ್ಮದಲ್ಲಿ ಬಹಳ ದಿನ ಉಳಿಯುತ್ತವೆ. ಮೇ ತಿಂಗಳಲ್ಲಿ 42, 43 ಡಿಗ್ರಿ ಕಾಯುವ ಊರು ನಮ್ಮದು. ಆ ಕಣಗಳು ಇರುವುದರಿಂದಲೇ ನಾವು ಇಲ್ಲಿ ತೊಗರಿ ಹೊಲದಲ್ಲಿ ನಿಂತು ಕೆಲಸ ಮಾಡಬಲ್ಲೆವು. ಹಾಗಾಗಿ ಹುಟ್ಟಿದ ಬಣ್ಣವನ್ನು ತೆಗೆಯಲು ಲೇಸರ್ ಮಾಡಿ ಅಂತ ಬರುವವರನ್ನು ನಾನು ವಾಪಸ್ ಕಳಿಸುತ್ತೇನೆ. "ಹೆಣ್ ನೋಡ್ಲಾಕ ಬರ್ತಾರ್ರಿ, ಒಂದ್ ಸ್ವಲ್ಪ ಬೆಳ್ಳಗ ಮಾಡ್ರಿ" ಅಂತ ಮಗಳನ್ನು ಕರೆದುಕೊಂಡು ಬರುವ ತಾಯಂದಿರಿದ್ದಾರೆ. ಆ ಹುಡುಗಿಯ ಚರ್ಮದಲ್ಲಿ ಕಾಯಿಲೆ ಇರುವುದಿಲ್ಲ. ಇಲ್ಲದ ಕಾಯಿಲೆಗೆ ಏನು ಚಿಕಿತ್ಸೆ ಕೊಡುವುದು?

ಚರ್ಮದ ಬಣ್ಣವನ್ನು ವೈದ್ಯರು ಆರು ವರ್ಗ ಮಾಡಿ ನೋಡುತ್ತಾರೆ. 1975ರಲ್ಲಿ ಅಮೆರಿಕದ ಫಿಟ್ಜ್‌ಪ್ಯಾಟ್ರಿಕ್ ಅನ್ನುವ ವೈದ್ಯರು ಮಾಡಿದ ಲೆಕ್ಕ ಇದು. ತಮಾಷೆ ಅಂದರೆ ಮೊದಲು ಅದರಲ್ಲಿ ಇದ್ದದ್ದು ಬಿಳಿಯರ ಚರ್ಮದ ವರ್ಗಗಳು ಮಾತ್ರ. ಕಂದು, ಕಪ್ಪು ಚರ್ಮವನ್ನು ಐದು, ಆರನೆಯ ವರ್ಗ ಅಂತ ಆಮೇಲೆ ಸೇರಿಸಿದರು. ನಮ್ಮ ಕಡೆಯವರು ಬಹುಪಾಲು ನಾಲ್ಕು, ಐದರಲ್ಲಿ ಬರುತ್ತೇವೆ. ಇದನ್ನು ಯಾಕೆ ಹೇಳಿದೆ ಅಂದರೆ, ವಿಡಿಯೋದಲ್ಲಿ ಕಾಣುವ ಬಿಳಿ ಮುಖಕ್ಕೆ ಇಟ್ಟ ಲೇಸರ್ ಶಕ್ತಿಯನ್ನು ನಿಮ್ಮ ಮುಖಕ್ಕೂ ಇಟ್ಟರೆ ಸುಡುತ್ತದೆ.

ಯಾಕೆ ಸುಡುತ್ತದೆ ಅಂತ ತಿಳಿಯಲು ಲೇಸರ್ ಕೆಲಸ ಮಾಡುವ ರೀತಿ ಗೊತ್ತಿರಬೇಕು. ಲೇಸರ್ ಅಂದರೆ ಬೆಳಕು. 1960ರಲ್ಲಿ ಥಿಯೋಡರ್ ಮೈಮನ್ ಮೊದಲ ಲೇಸರ್ ಮಾಡಿದ್ದು ಮಾಣಿಕ್ಯದ ಹರಳಿನಿಂದ. ಕೆಲವೇ ವರ್ಷಗಳಲ್ಲಿ ಲಿಯಾನ್ ಗೋಲ್ಡ್‌ಮನ್ ಅನ್ನುವ ಚರ್ಮವೈದ್ಯರು ಅದನ್ನು ಚರ್ಮದ ಮೇಲೆ ಪ್ರಯೋಗಿಸಿ ನೋಡಿದರು. ಆದರೆ ಬರೀ ಕಲೆಗೆ ಹೊಡೆದು ಪಕ್ಕದ ಚರ್ಮ ಉಳಿಸುವ ಲೆಕ್ಕ ಸಿಕ್ಕಿದ್ದು 1983ರಲ್ಲಿ, ಆಂಡರ್ಸನ್ ಮತ್ತು ಪ್ಯಾರಿಶ್ ಅನ್ನುವ ಇಬ್ಬರಿಂದ. ಬಿಸಿಲಿಗೆ ನಿಲ್ಲಿಸಿದ ಕರಿ ಕಾರು ಬಿಳಿ ಕಾರಿಗಿಂತ ಜಾಸ್ತಿ ಕಾಯುತ್ತದೆ ಅಲ್ವಾ? ಮೆಲನಿನ್ ಕೂಡ ಸುತ್ತಲಿನ ಚರ್ಮಕ್ಕಿಂತ ಜಾಸ್ತಿ ಬೆಳಕು ಹೀರುತ್ತದೆ. ಬೆಳಕನ್ನು ಬಹಳ ಕಡಿಮೆ ಹೊತ್ತು ಬಿಟ್ಟರೆ, ಕಣ ಕಾದು ಒಡೆಯುತ್ತದೆ, ಆ ಕಾವು ಪಕ್ಕಕ್ಕೆ ಹರಡುವಷ್ಟರಲ್ಲಿ ಬೆಳಕು ನಿಂತಿರುತ್ತದೆ. ಕಡಿಮೆ ಹೊತ್ತು ಅಂದರೆ ಒಂದು ಸೆಕೆಂಡಿನ ನೂರು ಕೋಟಿ ಭಾಗದಲ್ಲಿ ಕೆಲವು ಭಾಗ, ಅಷ್ಟು ಕಡಿಮೆ. ನಮ್ಮ ಕ್ಲಿನಿಕ್ಕುಗಳಲ್ಲಿ ಹೆಚ್ಚಾಗಿ ಇರುವ ಕ್ಯೂ ಸ್ವಿಚ್ಡ್ ಎನ್‌ಡಿ ಯಾಗ್ ಮಶೀನು ಮಾಡುವುದು ಇದನ್ನೇ. ಒಡೆದ ಚೂರುಗಳನ್ನು ಮೈಯೇ ನಿಧಾನವಾಗಿ ಸಾಗಿಸುತ್ತದೆ.

ಈಗ ತೊಡಕು ಎಲ್ಲಿ ಅಂದರೆ, ನಮ್ಮ ಚರ್ಮದಲ್ಲಿ ಕಲೆಯಲ್ಲಿ ಮಾತ್ರ ಮೆಲನಿನ್ ಇಲ್ಲ. ಪಕ್ಕದ ಆರೋಗ್ಯವಂತ ಚರ್ಮದಲ್ಲೂ ತುಂಬಿದೆ. ಕಲೆಗೆ ಅಂತ ಬಿಟ್ಟ ಬೆಳಕನ್ನು ಅದೂ ಹೀರುತ್ತದೆ. ಸುಟ್ಟರೆ ನಮ್ಮ ಚರ್ಮ ಕೊಡುವ ಉತ್ತರ ಒಂದೇ: ಇನ್ನಷ್ಟು ಕಪ್ಪಾಗುವುದು. ಒಗ್ಗರಣೆ ಎಣ್ಣೆ ಸಿಡಿದ ಜಾಗ ತಿಂಗಳುಗಟ್ಟಲೆ ಕಪ್ಪಾಗಿರುವುದನ್ನು ನೀವೆಲ್ಲ ನೋಡಿದ್ದೀರಿ. ಅದಕ್ಕೇ ನಾವು ಇಲ್ಲಿ ಹೆಚ್ಚಾಗಿ 1064 ನ್ಯಾನೋಮೀಟರಿನ (ಇದು ಬೆಳಕಿನ ಅಲೆಯ ಉದ್ದದ ಅಳತೆ) ಬೆಳಕು ಬಳಸುತ್ತೇವೆ. ಅದು ಕಣ್ಣಿಗೆ ಕಾಣುವುದಿಲ್ಲ. ಮೇಲಿನ ಪದರದ ಮೆಲನಿನ್ ಅದನ್ನು ಕಡಿಮೆ ಹೀರುತ್ತದೆ, ಹಾಗಾಗಿ ಆಳಕ್ಕೆ ಇಳಿಯುತ್ತದೆ. ಅದೇ ಮಶೀನಿನಲ್ಲಿ 532ರ ಹಸಿರು ಬೆಳಕೂ ಇದೆ. ಅದು ಮೇಲುಮೇಲಿನ ಕಲೆಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ನಮ್ಮ ಬಣ್ಣಕ್ಕೆ ಅದನ್ನು ಬಹಳ ಹುಷಾರಾಗಿ ಬಳಸಬೇಕು.

ಹಾಗಾದರೆ ಕಲೆ ಎಷ್ಟು ಆಳದಲ್ಲಿದೆ ಅಂತ ಹೇಗೆ ಗೊತ್ತಾಗುತ್ತದೆ? ಬಣ್ಣವೇ ಸ್ವಲ್ಪ ಹೇಳುತ್ತದೆ. ಮೇಲಿದ್ದರೆ ಕಂದು. ಆಳಕ್ಕೆ ಹೋದಂತೆ ಬೂದು, ಇನ್ನೂ ಆಳದಲ್ಲಿದ್ದರೆ ನೀಲಿ. ಇದಲ್ಲದೆ ವುಡ್ಸ್ ಲ್ಯಾಂಪ್ ಅಂತ ಒಂದು ನೇರಳೆ ದೀಪ ಇದೆ. ಕೋಣೆ ಕತ್ತಲು ಮಾಡಿ ಅದನ್ನು ಹಿಡಿದರೆ ಮೇಲಿನ ಕಲೆಗಳು ಎದ್ದು ಕಾಣುತ್ತವೆ. ಡರ್ಮೋಸ್ಕೋಪ್ ಅನ್ನುವ ಭೂತಗನ್ನಡಿಯೂ ಇದೆ. ಯಾರಾದರೂ ನಿಮ್ಮ ಮುಖವನ್ನು ಇದ್ಯಾವುದರಿಂದಲೂ ನೋಡದೆ, ಬರೀ ಕೌಂಟರಿನಲ್ಲಿ ಕೂತು ಪ್ಯಾಕೇಜ್ ಬರೆದುಕೊಟ್ಟರೆ ಎದ್ದು ಬನ್ನಿ.

ಲೇಸರ್ ಚೆನ್ನಾಗಿ ಕೆಲಸ ಮಾಡುವ ಕಲೆಯಿಂದಲೇ ಶುರು ಮಾಡೋಣ. ನೀವಸ್ ಆಫ್ ಓಟಾ. 1939ರಲ್ಲಿ ಜಪಾನಿನ ಓಟಾ ಅನ್ನುವವರು ಇದರ ವಿವರ ಬರೆದರು, ಅದಕ್ಕೆ ಆ ಹೆಸರು. ಮುಖದ ಒಂದೇ ಮಗ್ಗುಲಲ್ಲಿ, ಕಣ್ಣಿನ ಸುತ್ತ, ಕೆನ್ನೆ, ಹಣೆಯ ಮೇಲೆ ನೀಲಿ ಬೂದು ಮಚ್ಚೆ. ಸಾಮಾನ್ಯವಾಗಿ ಹುಟ್ಟಿನಿಂದ ಇರುತ್ತದೆ, ಇಲ್ಲವೇ ಮೈನೆರೆಯುವ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಬಣ್ಣದ ಜೀವಕೋಶಗಳು ಮೇಲೆ ಬರದೆ ಒಳಪದರದಲ್ಲೇ ಉಳಿದಿರುವುದು ಕಾರಣ. ನಮ್ಮ ಹಳ್ಳಿಗಳಲ್ಲಿ ಗ್ರಹಣದ ದಿನ ತಾಯಿ ಹೊರಗೆ ಬಂದಿದ್ದಳು ಅಂತ ಹೇಳಿ ಆ ತಾಯಿಯ ಮೇಲೆಯೇ ತಪ್ಪು ಹೊರಿಸುತ್ತಾರೆ. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ. ಇಲ್ಲಿ ಅತ್ತೆಯಂದಿರು ಯಾರಾದರೂ ಇದ್ದರೆ ದಯವಿಟ್ಟು ಕೇಳಿಸಿಕೊಳ್ಳಿ.

ಆಳಂದ ಕಡೆಯ ಹಳ್ಳಿಯೊಂದರ ಹುಡುಗಿ ಇದಕ್ಕೆ ಬಂದಿದ್ದಳು. ಎಡಗೆನ್ನೆ ತುಂಬ ನೀಲಿ. ಓಢಣಿಯನ್ನು ಆ ಕಡೆಗೇ ಎಳೆದುಕೊಂಡು ಕೂರುತ್ತಿದ್ದಳು. ಅವಳ ಜೊತೆ ಬಂದಿದ್ದ ಅಣ್ಣನೇ ಎಲ್ಲ ಮಾತಾಡಿದ. ನಾವು ಮೊದಲು ಕಿವಿಯ ಹತ್ತಿರ ಒಂದು ಚಿಕ್ಕ ಜಾಗಕ್ಕೆ ಮಾತ್ರ ಲೇಸರ್ ಕೊಟ್ಟು ವಾಪಸ್ ಕಳಿಸಿದೆವು. ಕೆಲವು ವಾರ ಬಿಟ್ಟು ಆ ಜಾಗ ಸುಟ್ಟಿಲ್ಲ, ಕಪ್ಪಾಗಿಲ್ಲ ಅಂತ ನೋಡಿದ ಮೇಲೆ ಕೆನ್ನೆಗೆ ಕೈ ಹಾಕಿದೆವು. ಮರಗಟ್ಟಿಸುವ ಕ್ರೀಮ್ ಹಚ್ಚಿ ಸುಮಾರು ಒಂದು ಗಂಟೆ ಕೂರಿಸುತ್ತೇವೆ. ಕಣ್ಣಿನ ಹತ್ತಿರ ಮಾಡುವಾಗ ಡ್ರಾಪ್ಸ್ ಹಾಕಿ, ರೆಪ್ಪೆಯ ಒಳಗೆ ಲೋಹದ ಚಿಕ್ಕ ಮುಚ್ಚಳ ಕೂರಿಸುತ್ತೇವೆ. ಈ ಬೆಳಕು ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಆಮೇಲೆ ಟಕ್, ಟಕ್ ಅಂತ ಸದ್ದು. ಪ್ರತಿ ಏಟಿಗೂ ರಬ್ಬರ್ ಬ್ಯಾಂಡ್ ಎಳೆದು ಬಿಟ್ಟಷ್ಟು ನೋವು. ಬೆಳಕು ಬಿದ್ದಲ್ಲೆಲ್ಲ ಚರ್ಮ ಒಂದು ಕ್ಷಣ ಬೆಳ್ಳಗೆ ಉಬ್ಬುತ್ತದೆ. ಸಣ್ಣ ಕೂದಲು ಸುಟ್ಟ ವಾಸನೆ ಬರುತ್ತದೆ. ಆವತ್ತು ಮುಖ ಊದುತ್ತದೆ, ಆಮೇಲೆ ತೆಳು ಹಕ್ಕಳೆ ಕಟ್ಟುತ್ತದೆ. ಒಂದು ವಾರದಲ್ಲಿ ಅದು ತಾನೇ ಉದುರಬೇಕು, ಉಗುರಿನಿಂದ ಕೀಳಬಾರದು.

ಒಂದು ಸಿಟ್ಟಿಂಗಿಗೆ ಇದು ಹೋಗುವುದಿಲ್ಲ. ನಡುವೆ ಎರಡು, ಮೂರು ತಿಂಗಳ ಅಂತರ ಬೇಕು, ಯಾಕೆಂದರೆ ಚೂರುಗಳನ್ನು ಸಾಗಿಸಲು ಮೈಗೆ ಅಷ್ಟು ಹೊತ್ತು ಹಿಡಿಯುತ್ತದೆ. ಬೇಗ ಬೇಗ ಹೊಡೆದರೆ ಬೇಗ ಹೋಗುತ್ತದೆ ಅನ್ನುವುದು ಸುಳ್ಳು. ಆ ಹುಡುಗಿಯ ಕೆನ್ನೆ ತಿಳಿಯಾಗಲು ವರ್ಷದ ಮೇಲೆ ಹಿಡಿಯಿತು. ಬಿಳಿಗುಡ್ಡೆಯ ಮೇಲಿನ ನೀಲಿ ಹಾಗೇ ಇದೆ, ಅಲ್ಲಿಗೆ ಲೇಸರ್ ಹೋಗುವುದಿಲ್ಲ. ಅಂಥವರಿಗೆ ಮುಂದೆ ಕಣ್ಣಿನ ಒತ್ತಡ ಏರುವ ಸಾಧ್ಯತೆ ಇರುತ್ತದೆ, ಹಾಗಾಗಿ ಕಣ್ಣಿನ ಡಾಕ್ಟರಿಗೆ ಆಗಾಗ ತೋರಿಸುತ್ತಿರಬೇಕು.

ಇದೇ ಮಶೀನಿಗೆ ನಮ್ಮ ಭಾಗದಲ್ಲಿ ಇನ್ನೊಂದು ಕೆಲಸ ಇದೆ. ಹಣೆಯ ಮೇಲೆ, ಗದ್ದದ ಮೇಲೆ ಹಾಕಿಸಿದ ಹಚ್ಚೆ. ಚಿಕ್ಕಂದಿನಲ್ಲಿ ಜಾತ್ರೆಯಲ್ಲಿ ಹಿಡಿದು ಕೂರಿಸಿ ಚುಚ್ಚಿಸಿರುತ್ತಾರೆ, ಈಗ ಪಟ್ಟಣದಲ್ಲಿ ಕೆಲಸಕ್ಕೆ ಸೇರಿದ ಮೇಲೆ ಬೇಡ ಅನಿಸುತ್ತದೆ. ಹಳೆಯ ಮಸಿಯ ಹಚ್ಚೆ ಲೇಸರಿಗೆ ಸುಲಭವಾಗಿ ಬಗ್ಗುತ್ತದೆ. ಇವತ್ತಿನ ಹಳದಿ, ಹಸಿರು ಬಣ್ಣದ ಟ್ಯಾಟೂಗಳೇ ಕಷ್ಟ. ನನಗೆ ಮಾತ್ರ ಆ ಹಣೆಯ ಹಚ್ಚೆ ಚೆಂದ ಅನಿಸುತ್ತದೆ, ಆದರೆ ಹಣೆ ಅವರದು.

ಈಗ ಬಂಗು. ಇವತ್ತು ನೀವು ಬಹಳ ಜನ ಬಂದಿರುವುದು ಇದಕ್ಕೇ ಅಂತ ನನಗೆ ಗೊತ್ತು. ಎರಡೂ ಕೆನ್ನೆ, ಮೂಗು, ಹಣೆ, ಮೇಲ್ದುಟಿಯ ಮೇಲೆ ಹರಡುವ ಕಂದು ಕಲೆ. ಮೆಲಾಸ್ಮ ಅಂತಾರೆ. ಬಸುರಿಯಲ್ಲಿ ಬರುತ್ತದೆ, ಗರ್ಭನಿರೋಧಕ ಮಾತ್ರೆಯಿಂದ ಬರುತ್ತದೆ, ಮನೆತನದಲ್ಲಿ ಇದ್ದರೆ ಬರುತ್ತದೆ. ಗಂಡಸರಿಗೂ ಬರುತ್ತದೆ, ಅವರು ತಡವಾಗಿ ತೋರಿಸುತ್ತಾರೆ ಅಷ್ಟೇ. ಎಲ್ಲಕ್ಕೂ ಮೇಲೆ ಬಿಸಿಲು.

ಓಟಾ ಮಚ್ಚೆಯಲ್ಲಿ ಆಳದಲ್ಲಿ ಕೂತ ಬಣ್ಣ ಒಡೆದು ಹೋದರೆ ಸಾಮಾನ್ಯವಾಗಿ ಹೋಯಿತು. ಬಂಗಿನಲ್ಲಿ ಹಾಗಲ್ಲ. ಇಲ್ಲಿ ಬಣ್ಣ ಮಾಡುವ ಜೀವಕೋಶಗಳೇ ಕೆರಳಿವೆ. ಅವುಗಳ ಸುತ್ತ ರಕ್ತನಾಳಗಳೂ ಹೆಚ್ಚಾಗಿರುತ್ತವೆ. ಲೇಸರಿನಿಂದ ಇವತ್ತಿನ ಬಣ್ಣ ಒಡೆಯಬಹುದು, ನಾಳೆ ಅವು ಮತ್ತೆ ಮಾಡುತ್ತವೆ. ಲೇಸರಿನ ಕಾವೇ ಅವನ್ನು ಇನ್ನಷ್ಟು ಕೆರಳಿಸಲೂಬಹುದು. ಅದಕ್ಕೇ ಬಂಗಿಗೆ ಲೇಸರ್ ಮೊದಲ ಚಿಕಿತ್ಸೆ ಅಲ್ಲ. ಲೇಸರ್ ಟೋನಿಂಗ್ ಅಂತ ಕಡಿಮೆ ಶಕ್ತಿಯಲ್ಲಿ, ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಮಾಡುವ ವಿಧಾನ ಇದೆ. ಮೊದಲ ಕೆಲವು ಸಿಟ್ಟಿಂಗಿನಲ್ಲಿ ಮುಖ ತಿಳಿಯಾಗುತ್ತದೆ. ಮನೆಯವರೆಲ್ಲ ಚೆನ್ನಾಗಾಗಿದೆ ಅಂತಾರೆ. ನಿಲ್ಲಿಸಿದ ಕೆಲವು ತಿಂಗಳಲ್ಲಿ ಬಹಳ ಜನರಿಗೆ ವಾಪಸ್ ಬರುತ್ತದೆ. ವಾಪಸ್ ಬಂತು ಅಂತ ಮಾಡಿಸುತ್ತಲೇ ಹೋದರೆ, ಕಂದು ಮುಖದ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆಗಳು ಏಳಬಹುದು. ಅವನ್ನು ಸರಿ ಮಾಡುವುದು ಬಂಗಿಗಿಂತ ಕಷ್ಟ. ಬೇರೆಲ್ಲ ಮಾಡಿ ನೋಡಿದ ಮೇಲೆ, ಗೊತ್ತಿರುವವರ ಕೈಯಲ್ಲಿ, ಕ್ರೀಮಿನ ಜೊತೆಗೆ, ಕೆಲವರಿಗೆ ಮಾತ್ರ ಲೇಸರ್. ನಾನು ಅದನ್ನು ಅಲ್ಲಿಗೇ ಇಡುತ್ತೇನೆ.

ಹಾಗಾದರೆ ಬಂಗಿಗೆ ಏನು ಮಾಡಬೇಕು? ಬಿಸಿಲು ತಡೆಯಬೇಕು, ಮೊದಲನೆಯದು ಅದೇ. ಸನ್‌ಸ್ಕ್ರೀನ್ ಎಲ್ಲರೂ ಹಚ್ಚುತ್ತೇವೆ ಅಂತಾರೆ. ಎಷ್ಟು ಅಂದರೆ ಕಡಲೆಕಾಳಿನಷ್ಟು ತೋರಿಸುತ್ತಾರೆ. ಮುಖ, ಕುತ್ತಿಗೆ ಎರಡಕ್ಕೂ ಸೇರಿ ಎರಡು ಬೆರಳಿನ ಉದ್ದಕ್ಕೆ ಎಳೆದಷ್ಟು ಬೇಕು. ಎಸ್‌ಪಿಎಫ್ 30ಕ್ಕಿಂತ ಕಡಿಮೆ ಬೇಡ. ಬೆವರುವ ಊರು, ಹೊರಗಿದ್ದರೆ ಎರಡು ಮೂರು ಗಂಟೆಗೆ ಮತ್ತೆ ಹಚ್ಚಬೇಕು. ಬಂಗು ಇರುವವರು ಬಣ್ಣ ಬೆರೆಸಿದ ಸನ್‌ಸ್ಕ್ರೀನ್ ತೆಗೆದುಕೊಳ್ಳಿ. ಅದರಲ್ಲಿರುವ ಐರನ್ ಆಕ್ಸೈಡ್ ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ. ನಮ್ಮ ಚರ್ಮವನ್ನು ಆ ಬೆಳಕೂ ಕಪ್ಪು ಮಾಡುತ್ತದೆ. ಬಸ್ಸಿನಲ್ಲಿ ಗಾಜು ಹಾಕಿಕೊಂಡು ಕೂತಿದ್ದೇವೆ, ಬಿಸಿಲೇ ತಾಗಿಲ್ಲ ಅನ್ನುತ್ತಾರಲ್ಲ, ಸುಡುವ ಕಿರಣವನ್ನು ಗಾಜು ತಡೆಯುತ್ತದೆ, ಆದರೆ ಕಪ್ಪು ಮಾಡುವ ಯುವಿಎ ಕಿರಣ ಸಲೀಸಾಗಿ ಒಳಗೆ ಬರುತ್ತದೆ.

ಹೊಲಕ್ಕೆ ಹೋಗುವ ಅಕ್ಕಂದಿರು ಸನ್‌ಸ್ಕ್ರೀನಿಗೆ ದುಡ್ಡು ಎಲ್ಲಿಂದ ತರೋಣ ಅಂತ ಕೇಳುತ್ತಾರೆ. ನ್ಯಾಯವಾದ ಮಾತು. ಅವರಿಗೆ ನಾನು ಹೇಳುವುದು ತಲೆಯ ಮೇಲೆ ಸೆರಗು, ಅದರ ಮೇಲೆ ಅಗಲ ಅಂಚಿನ ಟೊಪ್ಪಿಗೆ, ಮುಖಕ್ಕೆ ದಪ್ಪ ಹತ್ತಿ ಬಟ್ಟೆ. ಆಗುವುದಾದರೆ ನಡು ಮಧ್ಯಾಹ್ನದ ಕೆಲಸ ಮುಂದೂಡಿ. ಇನ್ನೊಂದು, ಒಲೆಯ ಕಾವು. ದಿನಾ ಒಂದೆರಡು ಗಂಟೆ ಹಂಚಿನ ಮುಂದೆ ಕೂತು ಜೋಳದ ರೊಟ್ಟಿ ಬಡಿಯುವವರ ಬಂಗು ಕಡಿಮೆ ಆಗಲು ಸತಾಯಿಸುತ್ತದೆ. ರೊಟ್ಟಿ ಬಿಡಿ ಅಂತ ನಾನು ಹೇಳುವುದಿಲ್ಲ. ಮನೆಯಲ್ಲಿ ಇನ್ನೊಬ್ಬರೂ ಬಡಿಯಲು ಕಲಿಯಲಿ, ಗಂಡಸರಿಗೂ ಎರಡು ಕೈ ಇವೆ.

ಔಷಧಿಯ ವಿಷಯಕ್ಕೆ ಬಂದರೆ, 1975ರಲ್ಲಿ ಕ್ಲಿಗ್ಮನ್ ಅನ್ನುವ ವೈದ್ಯರ ತಂಡ ಮೂರು ಔಷಧಿ ಬೆರೆಸಿದ ಕ್ರೀಮ್ ತಯಾರಿಸಿತು. ಹೈಡ್ರೋಕ್ವಿನೋನ್, ಟ್ರೆಟಿನೋಯಿನ್, ಒಂದು ಸ್ಟೀರಾಯ್ಡ್. ಅದರ ಈಗಿನ ರೂಪವನ್ನು ಇಂದಿಗೂ ಬರೆಯುತ್ತೇವೆ. ಕೆಲವು ವಾರಕ್ಕೆ, ರಾತ್ರಿ ಮಾತ್ರ. ಬಸುರಿಯರಿಗೆ ಅದು ಬೇಡ, ಅವರಿಗೆ ಅಜೆಲಾಯಿಕ್ ಆಸಿಡ್ ಕೊಡಬಹುದು. ಹೆರಿಗೆಯಾದ ಮೇಲೆ ಹಲವರಿಗೆ ಬಂಗು ತಾನೇ ಇಳಿಯುತ್ತದೆ, ಆದ್ದರಿಂದ ಅವಸರ ಬೇಡ. ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯೂ ಇದೆ. ಅದು ಮೂಲತಃ ರಕ್ತಸ್ರಾವ ನಿಲ್ಲಿಸುವ ಮಾತ್ರೆ, ಹಾಗಾಗಿ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಪಾರ್ಶ್ವವಾಯು ಆದವರು ತೆಗೆದುಕೊಳ್ಳಬಾರದು.

ಈ ಮೂರು ಬೆರೆಸಿದ ಕ್ರೀಮಿನಿಂದಲೇ ಇನ್ನೊಂದು ಕಥೆ ಶುರುವಾಗುತ್ತದೆ. ಡಾಕ್ಟರು ಬರೆದದ್ದು ಎರಡು ತಿಂಗಳಿಗೆ. ಹಚ್ಚಿದಾಗ ಮುಖ ಹೊಳೆಯಿತು. ಚೀಟಿ ಹಳೆಯದಾದರೂ ಮೆಡಿಕಲ್ ಅಂಗಡಿಯಲ್ಲಿ ಅದೇ ಟ್ಯೂಬು ತೋರಿಸಿದರೆ ಕೊಡುತ್ತಾರೆ. ಅಕ್ಕ ತಂಗಿಗೆ ಹೇಳುತ್ತಾಳೆ, ತಂಗಿ ಓರಗಿತ್ತಿಗೆ. ವರ್ಷಗಟ್ಟಲೆ ಹಚ್ಚುತ್ತಾರೆ. ಸ್ಟೀರಾಯ್ಡ್ ಚರ್ಮವನ್ನು ತೆಳ್ಳಗೆ ಮಾಡುತ್ತದೆ. ಕೆಂಪು ನರಗಳು ಕಾಣುತ್ತವೆ, ಗುಳ್ಳೆ ಏಳುತ್ತವೆ, ಗದ್ದದ ಮೇಲೆ ಕೂದಲು ಬರುತ್ತವೆ. ಬಿಟ್ಟರೆ ಮುಖ ಉರಿ ಹತ್ತಿಕೊಳ್ಳುತ್ತದೆ, ಹಾಗಾಗಿ ಮತ್ತೆ ಹಚ್ಚುತ್ತಾರೆ. ಇದು ದೇಶದ ತುಂಬ ಇರುವ ಕಾಟ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಚೀಟಿ ಇಲ್ಲದೆ ಮಾರುವಂತಿಲ್ಲ. ಮಾರುತ್ತಲೇ ಇದ್ದಾರೆ. ಇಂಥ ಮುಖದ ಮೇಲೆ ಲೇಸರ್ ಮಾಡಿದರೆ ಏನಾಗುತ್ತದೆ ಅಂತ ನೀವೇ ಯೋಚಿಸಿ. ಹಾಗಾಗಿ ನಿಮ್ಮ ಮನೆಯ ಕಪಾಟಿನಲ್ಲಿರುವ ಟ್ಯೂಬುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ತನ್ನಿ. ನಾಚಿಕೆ ಬೇಡ.

ಲೇಸರಿನಿಂದ ಏನೂ ಆಗದ ಕಪ್ಪು ಯಾವುದು? ಹಣೆಯ ಪಕ್ಕ, ಕೆನ್ನೆಯೆಲುಬಿನ ಮೇಲೆ, ಕುತ್ತಿಗೆಯ ಸುತ್ತ ಮಖಮಲ್ಲಿನ ಹಾಗೆ ದಪ್ಪಗೆ ಕಪ್ಪಾಗಿದ್ದರೆ, ಅದು ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಸೂಚನೆ ಇರಬಹುದು. ಮದುವೆ ಗೊತ್ತಾದ ಹುಡುಗನೊಬ್ಬ ಇದಕ್ಕೆ ಪ್ಯಾಕೇಜ್ ಕೇಳಿಕೊಂಡು ಬಂದ. ಲೇಸರ್ ಬಿಟ್ಟು ರಕ್ತ ಪರೀಕ್ಷೆಗೆ ಬರೆದೆ. ಸಕ್ಕರೆ ಏರಿತ್ತು, ಅವನಿಗೆ ಗೊತ್ತೇ ಇರಲಿಲ್ಲ. ತೂಕ ಇಳಿದಂತೆ ಕುತ್ತಿಗೆಯೂ ತಿಳಿಯಾಗುತ್ತದೆ.

ಹಣೆ, ಕಿವಿಯ ಮುಂದೆ, ಕುತ್ತಿಗೆಯ ಪಕ್ಕ ಬೂದಿ ಬಣ್ಣ ಬಂದಿದ್ದರೆ ನಾನು ಮೊದಲು ಕೇಳುವುದು, "ಕಾಲಿ ಮೆಹಂದಿ ಹಚ್ಚುತ್ತೀರಾ?" ಅಂತ. ಅದರಲ್ಲಿ, ತಲೆಗೆ ಹಚ್ಚುವ ಬಹುತೇಕ ಕಪ್ಪು ಡೈಗಳಲ್ಲಿ ಪಿಪಿಡಿ ಅನ್ನುವ ರಾಸಾಯನಿಕ ಇರುತ್ತದೆ. ಅದು ಕೆಲವರಿಗೆ ಆಗಿಬರುವುದಿಲ್ಲ. ಡೈ ಬಿಡದೆ ಲೇಸರ್ ಮಾಡಿಸಿದರೆ ತೂತು ಕೊಡಕ್ಕೆ ನೀರು ಹೊತ್ತಂತೆ. ಕುಂಕುಮದಿಂದ ಹಣೆ ಕಪ್ಪಾಗುವುದೂ ಇದೆ, ಅಂಟಿಸುವ ಬಿಂದಿಯ ಗೋಂದಿನಿಂದ ಅದೇ ಜಾಗ ಬೆಳ್ಳಗಾಗುವುದೂ ಇದೆ. 2006ರಲ್ಲಿ ಕರ್ನಾಟಕದಲ್ಲಿ ಚಿಕೂನ್‌ಗುನ್ಯಾ ಹರಡಿದಾಗ ಕೀಲುನೋವಿನ ಜೊತೆ ಮೂಗಿನ ಮೇಲೆ ಕಪ್ಪು ಉಳಿದವರು ಎಷ್ಟೋ ಜನ. ಅದು, ಮೊಡವೆಯ ಕಲೆ, ಇವೆಲ್ಲ ತಿಂಗಳುಗಳಲ್ಲಿ ತಾವೇ ಮಾಸುತ್ತವೆ. ಸುಮ್ನೆ ಬಿಡಿ, ಬಿಸಿಲಿನಿಂದ ಕಾಪಾಡಿ.

ಒಂದು ವಿಷಯದಲ್ಲಿ ಮಾತ್ರ ಸುಮ್ನೆ ಬಿಡಬೇಡಿ. ವಯಸ್ಸಾದವರ ಮುಖದಲ್ಲಿ ಒಂದೇ ಒಂದು ಕಪ್ಪು ಮಚ್ಚೆ ಬೆಳೆಯುತ್ತಿದ್ದರೆ, ಅಂಚು ಉಬ್ಬಿ ಹೊಳೆಯುತ್ತಿದ್ದರೆ, ಹಕ್ಕಳೆ ಕಟ್ಟಿ ರಕ್ತ ಬರುತ್ತಿದ್ದರೆ, ಅದು ಚರ್ಮದ ಕ್ಯಾನ್ಸರ್ ಇರಬಹುದು. ಅದನ್ನು ಲೇಸರಿನಿಂದ ಸುಟ್ಟರೆ ಮೇಲೆ ಮಾಯುತ್ತದೆ, ಒಳಗೆ ಬೆಳೆಯುತ್ತದೆ. ಮೊದಲು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಬೇಗ ಸಿಕ್ಕರೆ ಚಿಕ್ಕ ಆಪರೇಷನ್ನಿನಲ್ಲಿ ಮುಗಿಯುತ್ತದೆ.

ಲೇಸರ್ ಬೇಕೇ ಬೇಕು ಅಂತ ತೀರ್ಮಾನ ಆಯಿತು ಅಂದುಕೊಳ್ಳಿ. ನನ್ನ ಕಲೆಯ ಹೆಸರೇನು, ಚೀಟಿಯಲ್ಲಿ ಬರೆದುಕೊಡಿ ಅನ್ನಿ. ಮಶೀನು ಹಿಡಿಯುವವರು ಯಾರು, ಡಾಕ್ಟರೋ ಬೇರೆಯವರೋ ಕೇಳಿ. ಮೊದಲು ಚಿಕ್ಕ ಜಾಗದಲ್ಲಿ ಮಾಡಿ ತೋರಿಸಿ ಅನ್ನಿ. ನೀವೂ ಮುಚ್ಚಿಡಬೇಡಿ: ಬಸುರಿ ಇದ್ದರೆ, ಮೊಡವೆಗೆ ಮಾತ್ರೆ ನುಂಗುತ್ತಿದ್ದರೆ, ಗಾಯ ಆದಲ್ಲಿ ಚರ್ಮ ಉಬ್ಬಿ ಬೆಳೆಯುವ ಗುಣ ಇದ್ದರೆ, ತುಟಿಯ ಮೇಲೆ ಆಗಾಗ ಜ್ವರದ ಗುಳ್ಳೆ ಏಳುತ್ತಿದ್ದರೆ ಹೇಳಿ. ಮಾಡಿಸಿದ ಮೇಲೆ ಮುಖಕ್ಕೆ ಅರಿಶಿನ, ನಿಂಬೆಹಣ್ಣು ಯಾವುದೂ ಬೇಡ. ಬ್ಲೀಚ್, ಫೇಶಿಯಲ್ ಕೂಡ ಬೇಡ.

ಕೊನೆಗೆ, ನೀವು ಚೀಟಿಯಲ್ಲಿ ಬರೆದು ಕಳಿಸಿದ ಪ್ರಶ್ನೆಗಳಲ್ಲಿ ಜಾಸ್ತಿ ಬಂದದ್ದು ಇದು: ಮೇ ತಿಂಗಳಲ್ಲಿ ಮದುವೆ ಇದೆ, ಈಗ ಲೇಸರ್ ಮಾಡಿಸಬಹುದಾ? ಬೇಡ. ಬಿಸಿಲು ಏರುತ್ತಿದೆ, ಮುಖ ಆಗಲೇ ಕಂದಿದೆ, ಕಂದಿದ ಮುಖಕ್ಕೆ ಲೇಸರ್ ಕೊಟ್ಟರೆ ಸುಡುವುದು ಜಾಸ್ತಿ. ಕೆಟ್ಟರೆ ಸರಿ ಮಾಡಿಕೊಳ್ಳಲು ದಿನಗಳೂ ಇಲ್ಲ. ನಮ್ಮ ಊರಲ್ಲಿ ಲೇಸರ್ ಶುರು ಮಾಡಲು ದಸರೆಯಿಂದ ಸಂಕ್ರಾಂತಿವರೆಗಿನ ತಿಂಗಳು ಒಳ್ಳೆಯವು. ಮದುವೆಗೆ ಇನ್ನೂ ಎರಡು ತಿಂಗಳಿದ್ದರೆ ಬಂದು ತೋರಿಸಿ, ಕ್ರೀಮಿನಲ್ಲಿ ಎಷ್ಟಾಗುತ್ತದೋ ಅಷ್ಟು ಮಾಡೋಣ. ಉಳಿದದ್ದನ್ನು ಮೇಕಪ್ಪಿನವರು ನೋಡಿಕೊಳ್ಳುತ್ತಾರೆ. ಲೇಸರ್ ಬೇಕಾ ಬೇಡವಾ ಅಂತ ದಸರೆ ಆದ ಮೇಲೆ ನೋಡೋಣ.